ಸೋಮವಾರ ನೊಗ ಹೊತ್ತ ಎತ್ತು

"ಇನ್ನೊಮ್ಮೆ ಹಚ್ಚು," ಎಂದರು ಖಾಸಿಂಸಾಬ.

ಶಮಶಾದಬಿ ಗೋಡೆಯ ಗಡಿಯಾರ ನೋಡಿದಳು. ಹನ್ನೆರಡೂ ಇಪ್ಪತ್ತು. "ಚಾಚಾ, ಹದಿನಾಲ್ಕನೇ ರೆಕಾರ್ಡಿಂಗ್ ನಾಕ ಸಲ ಆತು. ಇನ್ನೂ ಮೂವತ್ತೆರಡು ಅದಾವು."

"ಅವೇನು ಬಸ್ ಹಿಡದು ಹೋಗಂಗಿಲ್ಲ. ಹಚ್ಚು."

ಅವಳು ಲ್ಯಾಪ್‌ಟಾಪಿನ ಗುಂಡಿ ಒತ್ತಿದಳು. ಖಾಸಿಂಸಾಬರು ಕಣ್ಣು ಮುಚ್ಚಿ, ತಲೆಯನ್ನು ಒಂದಿಷ್ಟು ಎಡಕ್ಕೆ ವಾಲಿಸಿ ಕೂತರು. ಗದಗ ಕೋರ್ಟಿನಲ್ಲಿ ಮೂವತ್ತನಾಲ್ಕು ವರ್ಷ ಸ್ಟೆನೋ ಆಗಿದ್ದವರು ಅವರು. ಸಾಕ್ಷಿಕಟ್ಟೆಯಲ್ಲಿ ನಿಂತವರ ಮುಖ ನೋಡದೆ, ದನಿಯನ್ನಷ್ಟೇ ಕೇಳಿ ಬರೆದುಕೊಂಡವರು. ನಿವೃತ್ತಿಯಾದ ಮೇಲೆ ಜನ ತಮ್ಮ ತಗಾದೆ ಹೊತ್ತು ಅವರ ಮನೆಗೆ ಬರತೊಡಗಿದ್ದು ಆ ಕಿವಿಯ ಸಲುವಾಗಿಯೇ.

ಬೆಟಗೇರಿಯಲ್ಲಿ ಶಮಶಾದಬಿಯ ಆ ಎರಡು ಕೋಣೆಯ ಮನೆಯಲ್ಲಿ ಸದ್ದಿಗೇನೂ ಕೊರತೆಯಿಲ್ಲ. ಪಕ್ಕದ ಮನೆಯ ಮಗ್ಗ ಲಟಪಟ ಬಡಿದುಕೊಳ್ಳುತ್ತಿತ್ತು. ಮೂಲೆಯಲ್ಲಿ ಓಣಿಯ ಗುಲಾಬಬಿಯ ಮೊಮ್ಮಗಳು, ಎರಡು ವರ್ಷದ ನೂರೀನ, ಸ್ಟೀಲಿನ ತಾಟಿಗೆ ಚಮಚದಿಂದ ಹೊಡೆಯುತ್ತ ಕೂತಿದ್ದಳು. ತಾನು ಮಾಡುವ ಸದ್ದು ಅವಳಿಗೇ ಕೇಳುತ್ತಿರಲಿಲ್ಲ. ಅಂಥ ಕೂಸುಗಳನ್ನು ಹುಡುಕಿ, ಮಾತು ಕಲಿಯುವ ವಯಸ್ಸು ಜಾರುವ ಮೊದಲೇ ಕಿವಿಗೆ ಮಷಿನ್ ಹಾಕಿಸಿ, ದನಿಯ ಗುರುತು ಕಲಿಸುವುದು ಶಮಶಾದಬಿಯ 'ಕಿವಿಮಾತು' ಟ್ರಸ್ಟಿನ ಕೆಲಸ.

ಮುಂಡರಗಿ ಕಡೆಯ ಗುಡ್ಡಗಳ ಮೇಲೆ ಗಾಳಿಪಂಕ ನಿಲ್ಲಿಸಿರುವ ವಾಯುಜ ಪವರ್ ಕಂಪನಿ ಸಮಾಜಸೇವೆಗೆಂದು ತೆಗೆದಿಡುವ ತನ್ನ ಸಿ.ಎಸ್.ಆರ್. ಹಣಕ್ಕೆ ಅರ್ಜಿ ಕರೆದಿತ್ತು. ಅದೇ ಕಂಪನಿಯಿಂದ ನಿನ್ನೆ ಬಂದ ಪತ್ರದಲ್ಲಿ ಇದ್ದದ್ದು ಮೂರೇ ಸಾಲು. ನಿಮ್ಮ ಮನೆಮನೆ ಸಮೀಕ್ಷೆಯೂ ಶಿರಹಟ್ಟಿಯ ನವಧ್ವನಿ ಸಂಸ್ಥೆಯ ಸಮೀಕ್ಷೆಯೂ ಅಕ್ಷರಕ್ಕೆ ಅಕ್ಷರ ಒಂದೇ ಇವೆ. ಅವರ ಅರ್ಜಿ ಡಿಸೆಂಬರ್ ಇಪ್ಪತ್ತಕ್ಕೆ, ನಿಮ್ಮದು ಇಪ್ಪತ್ಮೂರಕ್ಕೆ ಬಂದಿದೆ. ನಾಳೆ ಸಂಜೆ ನಾಲ್ಕಕ್ಕೆ ನಮ್ಮ ಅಧಿಕಾರಿ ಬಂದಾಗ ಸಮೀಕ್ಷೆ ನಿಮ್ಮದೇ ಎಂದು ತೋರಿಸಿಕೊಡದಿದ್ದರೆ ನಿಮ್ಮ ಅರ್ಜಿ ರದ್ದು.

ತೋರಿಸಲು ಅವಳ ಬಳಿ ಇದ್ದದ್ದು ತಾಯಂದಿರ ಮಾತು ಹಿಡಿದಿಟ್ಟ ಈ ನಲವತ್ತಾರು ಧ್ವನಿಮುದ್ರಣ. ಅವು ಮೊದಲಿದ್ದ ಫೋನು ಕೆಟ್ಟು, ಹೋದ ವಾರ ಲ್ಯಾಪ್‌ಟಾಪಿಗೆ ಇಳಿಸಿದ ಮೇಲೆ ಎಲ್ಲದಕ್ಕೂ ಹೋದ ವಾರದ್ದೇ ತಾರೀಖು ಬಿದ್ದಿತ್ತು. ಬೇರೆಯವರ ಸಮೀಕ್ಷೆ ಕದ್ದು, ಆಮೇಲೆ ನಾಲ್ಕು ಹೆಂಗಸರನ್ನು ಕೂಡಿಸಿ ಓದಿಸಿದ್ದೀರಿ ಎಂದು ಯಾರಾದರೂ ಅಂದರೆ ಬಾಯಿ ಮುಚ್ಚಿಕೊಂಡು ಕೂಡಬೇಕು.

ಮುದ್ರಣದಲ್ಲಿ ಶಮಶಾದಬಿಯ ದನಿ ಕೇಳಿತು. "ಮನ್ಯಾಗ ಯಾರ್ಯಾರು ಇರ್ತೀರಿ ಅವ್ವಾರ?"

"ನಾನು, ನಮ್ಮತ್ತಿ, ಎರಡು ಕೂಸು. ಹೊಲದಾಗ ಕಸಾ ಎದ್ದೈತಂತ ಇವ್ರು ಎತ್ತು ಹೊಡಕೊಂಡು ಎಡಿ ಹೊಡ್ಯಾಕ ಹೋಗ್ಯಾರ್ರಿ. ಹೊತ್ತು ಮುಣುಗೂತನಾ ಬರಂಗಿಲ್ಲ."

"ತಾಟು ಬಿದ್ರ ಸಣ್ಣ ಕೂಸು ಬೆಚ್ಚತೈತೇನ್ರಿ?"

"ಇಲ್ರಿ. ಮಗ್ಗಲದಾಗ ಕೊಡಾ ಬಿದ್ರೂ ಮಲಕೊಂಡ ಇರತೈತಿ. ಎಷ್ಟ ಶಾಣ್ಯಾ ಕೂಸು ಅಂತಾರ ಎಲ್ಲಾರೂ."

ಖಾಸಿಂಸಾಬರು ಕೈ ಎತ್ತಿದರು. ಮುದ್ರಣ ನಿಂತಿತು.

"ಇದು ಯಾರ ಮನಿ?"

"ಹೊಂಬಳದ ಸುಮಿತ್ರವ್ವನ ಮನಿ."

"ಅರ್ಜಿಯೊಳಗ ತಾರೀಖು ಏನೈತಿ?"

ಅವಳು ಕಾಗದ ತಿರುವಿದಳು. "ಡಿಸೆಂಬರ್ ಒಂಬತ್ತು."

ಅವರು ಎದ್ದು, ಗೋಡೆಯಿಂದ ಇಳಿಸಿಟ್ಟಿದ್ದ ಹಳೇ ಕ್ಯಾಲೆಂಡರನ್ನು ಕಪಾಟಿನ ಹಿಂದಿನಿಂದ ಎಳೆದು, ಡಿಸೆಂಬರ್ ಹಾಳೆಯ ಮೇಲೆ ಬೆರಳಿಟ್ಟರು. ಬೆರಳು ಅಲ್ಲೇ ನಿಂತಿತು.

"ಶಮಶಾದ, ನಿಮ್ಮಪ್ಪಂದು ಬಳಿ ಅಂಗಡಿ ಅಲ್ಲಾ?"

"ಹೌದು. ಗದಗ ಪ್ಯಾಟ್ಯಾಗ. ನಿಮಗ ಗೊತ್ತಿದ್ದದ್ದ ಐತೆಲ್ಲ."

"ಹೊಲ?"

"ಹೊಲದ ದಾರೀನೂ ನಮಗ ಗೊತ್ತಿಲ್ಲ. ಯಾಕ್ರಿ?"

"ನಾ ಹುಟ್ಟಿದ್ದು ಕಣಗಿನಹಾಳದಾಗ. ನಮ್ಮಪ್ಪ ಐದೂ ಹೊತ್ತು ನಮಾಜು ಬಿಟ್ಟಾಂವಲ್ಲ. ಆದ್ರೂ ಸೋಮವಾರ ಅಂದ್ರ ಎತ್ತಿನ ಹೆಗಲ ಮ್ಯಾಲ ನೊಗ ಇಟ್ಟಾಂವಲ್ಲ. ಅವತ್ತು ಅವಕ್ಕ ಮೈ ತೊಳದು, ಮೇವು ಹಾಕಿ, ಸುಮ್ಮನ ಬಿಡೂದು. ಬಸವಣ್ಣನ ದಿನಾ ಅಂತ ಸುತ್ತಲ ಊರಾಗ ಎಲ್ಲಾರೂ ನಡಸ್ಕೊಂಡು ಬಂದಾರ." ಅವರು ಕ್ಯಾಲೆಂಡರನ್ನು ಅವಳ ಕಡೆ ತಿರುಗಿಸಿದರು. "ಒಂಬತ್ತನೇ ತಾರೀಖು ಸೋಮವಾರ. ಸುಮಿತ್ರವ್ವನ ಗಂಡ ಎತ್ತು ಹೊಡಕೊಂಡು ಹೆಂಗ ಹೋದ?"

ಶಮಶಾದಬಿ ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡಳು. ಅದು ಸರಿಯಾಗಿಯೇ ಇತ್ತು.

"ಈಗೆಲ್ಲಾ ಟ್ರ್ಯಾಕ್ಟರ್ ಬಂದಾವಲ್ರಿ ಚಾಚಾ."

"ಎತ್ತು ಅಂದಾಳಾಕಿ. ಐದ ಸಲ ಕೇಳೇನಿ."

"ಬಾಯಿತಪ್ಪಿ ಅಂದಿರಬೇಕು."

"ಆಗಲಿ. ಈಗ ಇದನ್ನ ಕೇಳು. ಆಕಿ ಮಾತು ಕೇಳಬ್ಯಾಡ, ಆಕಿ ಹಿಂದಿಂದು ಕೇಳು."

ಅವರೇ ಗುಂಡಿ ಒತ್ತಿದರು. ಸುಮಿತ್ರವ್ವನ ದನಿಯ ಹಿಂದೆ, ಎರಡು ಓಣಿ ಆಚೆ ಇರಬೇಕು, ಗಂಡಸರ ಹಾಡು. ಒಬ್ಬ ಎತ್ತಿ ಹೇಳುತ್ತಾನೆ, ಏಳೆಂಟು ಮಂದಿ ಹಿಡಿದುಕೊಳ್ಳುತ್ತಾರೆ. ನಡುವೆ ಎತ್ತುವವನಿಗೆ ಕೆಮ್ಮು ಬಂತು. ಹಾಡು ನಿಂತಿತು. ಯಾರೋ ನಕ್ಕರು. ಅದೇ ಸಾಲನ್ನು ಅವನು ಮತ್ತೆ ಮೊದಲಿನಿಂದ ಎತ್ತಿದ.

ಖಾಸಿಂಸಾಬರ ತುಟಿಗಳು ತಾವಾಗಿಯೇ ಅಲುಗುತ್ತಿದ್ದವು. ಏಳು ವರ್ಷದವರಿದ್ದಾಗ ಅಜ್ಜನ ಪಕ್ಕ ನಿಂತು ಹಿಮ್ಮೇಳ ಹಿಡಿದ ಪದ ಅದು.

"ಮೊಹರಂದ ರಿವಾಯತ ಪದ," ಎಂದರು. "ಅಲಾಯಿ ಬೆಂಕಿ ಕುಣಿ ಮುಂದ ಹಾಡೂದಕ್ಕ ಕಲಿಯಾಕ ಹತ್ಯಾರ. ಈ ಪದ ವರ್ಷದಾಗ ಆ ಹತ್ತ ದಿನ ಬಿಟ್ರ ಯಾರೂ ಬಾಯಿಗೆ ತರಂಗಿಲ್ಲ. ಹೋದ ವರ್ಷ ಮೊಹರಂ ಬಂದದ್ದು ಜುಲೈದಾಗ."

"ಯಾರದೋ ಮೊಬೈಲ್ ಇರಬೇಕು."

"ಮೊಬೈಲ್ ಕೆಮ್ಮಂಗಿಲ್ಲ, ಬೇಟಿ."

ಪಕ್ಕದ ಮನೆಯ ಮಗ್ಗ ನಿಂತಿತು. ವಿದ್ಯುತ್ ಹೋಗಿತ್ತು. ಆ ನಿಶ್ಶಬ್ದದಲ್ಲಿ ನೂರೀನಳ ಚಮಚ ಮಾತ್ರ ಟಣ್ ಟಣ್ ಎನ್ನುತ್ತಿತ್ತು.

ಖಾಸಿಂಸಾಬರಿಗೆ ಒಳಗೊಳಗೇ ಖುಷಿಯಾಗಬೇಕಿತ್ತು. ನವಧ್ವನಿ ಸಂಸ್ಥೆ ನೋಂದಣಿಯಾದದ್ದೇ ಸೆಪ್ಟೆಂಬರಿನಲ್ಲಿ ಎಂದು ನಿನ್ನೆಯೇ ಶಿರಹಟ್ಟಿಗೆ ಹೋಗಿ ತಿಳಿದುಕೊಂಡು ಬಂದಿದ್ದರು. ಹುಟ್ಟದೇ ಇದ್ದ ಸಂಸ್ಥೆ ಜುಲೈನಲ್ಲಿ ಹೊಂಬಳಕ್ಕೆ ಹೋಗಿ ತಾಯಂದಿರನ್ನು ಹೇಗೆ ಕೇಳೀತು? ಹೆಂಗಸರಿಗೆ ಮಾತು ಕಲಿಸಬಹುದು. ಎರಡು ಓಣಿ ಆಚೆಯ ಕೆಮ್ಮನ್ನು ಕಲಿಸಲಾಗದು. ಗೆಲ್ಲುವ ಸಾಕ್ಷಿ ಕೈಯಲ್ಲಿತ್ತು.

ಆದರೆ ಗೆಲ್ಲಬೇಕಾದವಳ ಮುಖ ಬಿಳಿಚಿಕೊಂಡಿತ್ತು.

"ತಾರೀಖು ಡಿಸೆಂಬರ್ ಅಂತ ಬರದಾವರು ಯಾರು?"

"ಅರ್ಜಿ ಬರದಾಂವ ನಂದೀಶ," ಎಂದಳು. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂದಿತ್ತು. ಕೋರ್ಟಿನಲ್ಲಿ ಅಂಥ ಉತ್ತರ ಬಂದಾಗಲೆಲ್ಲ ಖಾಸಿಂಸಾಬರ ಪೆನ್ಸಿಲ್ ಒಂದು ಕ್ಷಣ ನಿಲ್ಲುತ್ತಿತ್ತು.

ಅವರು ಟೋಪಿ ತೆಗೆದುಕೊಂಡು ಟಿವಿಎಸ್ ಗಾಡಿಯ ಕಡೆ ನಡೆದರು.

*

ಗದಗಿನ ಬಸ್‌ಸ್ಟ್ಯಾಂಡ್ ಹತ್ತಿರ ಝೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಂದೀಶನ ಆಫೀಸು. ಸಂಸ್ಥೆಗಳಿಗೆ ಅರ್ಜಿ ಬರೆದುಕೊಡುವುದು ಅವನ ಉದ್ಯೋಗ. ಗೋಡೆಯ ತುಂಬ ಶಾಲೆ, ಶೌಚಾಲಯ, ಹೊಲಿಗೆ ಯಂತ್ರಗಳ ಮುಂದೆ ಸಾಲಾಗಿ ನಿಂತವರ ಫೋಟೋ. ಎಲ್ಲದರಲ್ಲೂ ಒಂದು ತುದಿಗೆ ನಂದೀಶ.

"ಬರ್ರಿ ಕಾಕಾ, ಕುಂಡ್ರಿ. ಕೋರ್ಟ್ ಬಿಟ್ರೂ ನಿಮ್ಮ ಬಗಲಾಗಿನ ಬುಕ್ಕು ಬಿಡಲಿಲ್ಲ ನೋಡ್ರಿ. ಚಾ ಹೇಳ್ಲಿ?"

"ಬ್ಯಾಡ. ನನಗ ನಿನ್ನ ಧಂಧೆ ತಿಳಿಸಿ ಹೇಳು ಮೊದಲ."

"ಅಯ್ಯ, ಅದರಾಗೇನೈತ್ರಿ." ನಂದೀಶ ಕುರ್ಚಿಗೆ ಒರಗಿದ. "ದೊಡ್ಡ ಕಂಪನಿ ಇದ್ರ, ಲಾಭದಾಗ ನೂರಕ್ಕ ಎರಡು ಪಾಲು ಸಮಾಜಕ್ಕ ಕೊಡಬೇಕಂತ ಕಾಯ್ದೆ ಐತಿ. ಕೊಡೂದು ಅವರಿಗೆ ತಪ್ಪಿದ್ದಲ್ಲ. ಯಾರಿಗೆ ಕೊಡಬೇಕು ಅನ್ನೂದು ಅವರ ಮರ್ಜಿ. ತಮ್ಮ ಪಂಕಾ ಎಲ್ಲೆ ತಿರಗತಾವ ಅಲ್ಲಿ ಸುತ್ತಮುತ್ತ ಮೊದಲ ನೋಡ್ತಾರ. ನಾವು ಹೋಗಿ, ನಮ್ಮ ಕೂಸು ಭಾಳ ಬಡವ್ರು ಅಂತ ಅತ್ತ್ರ ಯಾರೂ ಕೇಳಂಗಿಲ್ಲ. ನೋಂದಣಿ ಕಾಗದ, ಮೂರು ವರ್ಷದ ಆಡಿಟ್, ಎಷ್ಟು ಕೂಸು, ಯಾವ ಊರು, ಯಾರು ಕೇಳಿದ್ರು, ಯಾವತ್ತು ಕೇಳಿದ್ರು, ವರ್ಷ ಆದ ಮ್ಯಾಲ ಏನು ಬದಲಾಗತೈತಿ, ಅದನ್ನ ಅಳೆಯೂದು ಹೆಂಗ. ಇಷ್ಟೂ ಅವರ ಭಾಷಾದಾಗ ಹೇಳಬೇಕು. ಶಮಶಾದಕ್ಕ ಕೆಲಸಾ ಮಾಡಾಕ ಶಾಣ್ಯಾ, ಹೇಳಾಕ ಬರಂಗಿಲ್ಲ. ಆಕಿ ಬಾಯಿ ನಾನು."

"ಬಾಯಿ ಬಾಡಿಗಿಗೆ ಕೊಡಾಂವ ಶಿರಹಟ್ಟಿಯವರಿಗೂ ಕೊಟ್ಟೀಯೇನು?"

ನಂದೀಶನ ನಗು ಅರ್ಧಕ್ಕೆ ನಿಂತಿತು. "ಏನ್ ಮಾತಾಡ್ತೀರಿ ಕಾಕಾ!"

"ನಿನ್ನ ಕರಡು ಯಾವತ್ತು ಮುಗೀತು?"

"ಹದಿನೆಂಟಕ್ಕ. ಅವತ್ತ ಶಮಶಾದಕ್ಕಗ ಮೇಲ್ ಮಾಡೇನಿ."

"ಹದಿನೆಂಟಕ್ಕ ಸಮೀಕ್ಷಾ ನಿನ್ನ ಕೈಯಾಗಿತ್ತು. ಇಪ್ಪತ್ತಕ್ಕ ಅದ ಸಮೀಕ್ಷಾ ಶಿರಹಟ್ಟಿಯವರ ಹೆಸರಿಲೆ ಕಂಪನಿ ಸೇರಿತು. ನಡುವ ಎರಡ ದಿನ. ನೀನ ಲೆಕ್ಕಾ ಹಾಕು ತಮ್ಮಾ."

"ಅವರ ಮುಖಾನೂ ನಾ ನೋಡಿಲ್ಲ!"

"ತಾರೀಖೂ ನೀನ ತಿದ್ದಿದೆ. ಜುಲೈದಾಗ ಆಗಿದ್ದನ್ನ ಡಿಸೆಂಬರ್ ಮಾಡಿದೆ. ಶಮಶಾದನ್ನ ಕಳ್ಳಿ ಮಾಡಾಕ."

"ನಾ ತಿದ್ದಿದ್ನ್ಯಾ? ತೋರಸ್ರಿ ಇಲ್ಲೆ."

ಖಾಸಿಂಸಾಬರು ಅರ್ಜಿಯ ಪ್ರತಿ ಮುಂದಿಟ್ಟರು. ನಂದೀಶ ಹಾಳೆ ತಿರುವುತ್ತ ಹೋದವನು ಹೊಂಬಳದ ಸಾಲಿನಲ್ಲಿ ನಿಂತ. ಮೊಬೈಲ್ ತೆಗೆದು ಆ ತಾರೀಖು ಯಾವ ವಾರವೆಂದು ಹುಡುಕಿದ. ಮತ್ತೆ ಹಾಳೆ ನೋಡಿದ. ಅವನ ಮುಖದ ಮೇಲೆ ಬಂದದ್ದು ಹೆದರಿಕೆಯಲ್ಲ, ಅವಮಾನವಾದವನ ಸಿಟ್ಟು.

"ಕಾಕಾ, ನಾ ಯಾವ ಊರಾಂವ?"

"ಅಸುಂಡಿ."

"ಅಸುಂಡ್ಯಾಗ ನಮ್ಮಪ್ಪಂದು ಇವತ್ತಿಗೂ ಎರಡ ಜೋಡಿ ಎತ್ತು ಅದಾವು. ಗಂಡ ಎಡಿ ಹೊಡ್ಯಾಕ ಹೋಗ್ಯಾನ ಅಂತ ಬರದು, ಅದಕ್ಕ ಸೋಮವಾರದ ತಾರೀಖು ಹಾಕ್ಲಿ ನಾನು? ನಮ್ಮವ್ವ ಓದಿದ್ರ ಕಾಲಾಗಿನ ಕಾಲ್ಮರಿ ಬಿಚ್ಚಿಕೊಂಡು ಬರತಾಳ." ಹಾಳೆಯನ್ನು ಮೇಜಿನ ಮೇಲೆ ಒಗೆದ. "ಸುಳ್ಳು ಬರಿಯಾಕ ನನಗ ಬರಂಗಿಲ್ಲ ಅಂತ ಹೇಳಂಗಿಲ್ಲ. ಇಷ್ಟು ದಡ್ಡ ಸುಳ್ಳು ಬರ್ಯಾಂವಲ್ಲ."

ಅವನು ಎದ್ದು ಕಪಾಟಿನಿಂದ ಒಂದು ಫೈಲು ಎಳೆದ. ಹದಿನೆಂಟರಂದು ತಾನು ಕಳಿಸಿದ ಕರಡಿನ ಪ್ರತಿ. ಹೊಂಬಳ, ಸುಮಿತ್ರವ್ವ, ಜುಲೈ ಹನ್ನೆರಡು, ಶುಕ್ರವಾರ. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಅವನದೇ ಕೈಬರಹ: 'ಸಮೀಕ್ಷೆ ಅರ್ಜಿಯ ದಿನಕ್ಕೆ ಮೂರು ತಿಂಗಳೊಳಗಿನದಾಗಿರಬೇಕು. ಕಂಪನಿಯ ನಿಯಮ. ಇದು ಐದು ತಿಂಗಳ ಹಳೆಯದು. ಮತ್ತೆ ಮಾಡಿರಿ.'

"ಇದನ್ನ ಓದಿ ಏನಂದ್ಲು?"

"ಫೋನ್ ಮಾಡಿ ಕೇಳಿದೆ. 'ಆತು, ಅದನ್ನ ನಾ ನೋಡ್ಕೋತೇನಿ' ಅಂದ್ಲು. ಐದು ದಿನದಾಗ ನಲವತ್ತಾರು ಮನಿ ಹೆಂಗ ತಿರಗ್ತಾಳಾಕಿ ಅಂತ ನನಗೂ ಅನಿಸಿತ್ತು. ಆಮ್ಯಾಲೆ ಆ ಫೈಲ್ ನನ್ನ ಕಡೆ ಬಂದ ಇಲ್ಲ."

ಕೆಳಗೆ ಹೊಂಬಳದ ಬಸ್ಸು ಹಾರ್ನ್ ಹೊಡೆಯುತ್ತ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಖಾಸಿಂಸಾಬರು ಕೆಂಪು ಶಾಯಿಯ ಸಾಲುಗಳನ್ನು ಎರಡನೆಯ ಸಲ ಓದಿದರು.

ಈ ಕಾಗದ ತೋರಿಸಿದರೆ ಸಮೀಕ್ಷೆ ಶಮಶಾದಬಿಯದ್ದು ಎಂದು ಅರ್ಧ ಸಾಬೀತಾಗುತ್ತದೆ. ಅವಳು ಸುಳ್ಳು ಬರೆದಳು ಎಂದು ಪೂರ್ತಿ ಸಾಬೀತಾಗುತ್ತದೆ.

"ಕಾಕಾ," ನಂದೀಶನ ದನಿ ಇಳಿದಿತ್ತು, "ಅರ್ಜಿಯ ಕಡೇ ಹಾಳಿ ಓದೀರೇನು? ಸುಳ್ಳು ಮಾಹಿತಿ ಕೊಟ್ಟವರ ಅರ್ಜಿ ಮೂರು ವರ್ಷ ಮುಟ್ಟಂಗಿಲ್ಲ ಅಂತ ಐತಿ."

"ಮೂರು ವರ್ಷ," ಎಂದರು ಖಾಸಿಂಸಾಬ. ನೂರೀನಳಿಗೆ ಆಗ ಐದು ದಾಟಿರುತ್ತದೆ.

ಅವರು ಕರಡಿನ ಪ್ರತಿಯನ್ನು ಮಡಿಚಿ ಕಿಸೆಗೆ ಹಾಕಿಕೊಂಡರು. ನಂದೀಶ ತಡೆಯಲಿಲ್ಲ. ಆದರೂ ಮೆಟ್ಟಿಲಿಳಿಯುವಾಗ ಒಂದು ಮುಳ್ಳು ಅವರ ಮನಸ್ಸಿನಲ್ಲಿ ಹಾಗೇ ಇತ್ತು. ತಾರೀಖು ತಿದ್ದಿದವನು ಇವನಲ್ಲ. ಸಮೀಕ್ಷೆ ಮಾರಿದವನೂ ಇವನಲ್ಲ ಎಂದು ಹೇಳಲು ಏನು ಆಧಾರ?

*

ಬೆಟಗೇರಿಗೆ ಬರುವಷ್ಟರಲ್ಲಿ ಮೂರೂ ಕಾಲು. ಶಮಶಾದಬಿ ಕೋಣೆಯನ್ನು ಎರಡನೆಯ ಸಲ ಗುಡಿಸುತ್ತಿದ್ದಳು. ನೂರೀನಳ ಅಜ್ಜಿ ಗುಲಾಬಬಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಬಾಗಿಲಲ್ಲಿ ಕೂತಿದ್ದಳು.

"ಕಂಪನಿ ಮೇಡಂ ಬಂದ್ರ ನಾನೂ ಎರಡ ಮಾತು ಹೇಳ್ಲೇನು?"

"ನೀ ಏನೂ ಹೇಳಬ್ಯಾಡ ಗುಲಾಬಬಿ. ಮಗ್ಗದ ಮನಿಯವರ ಕಟ್ಟಿ ಮ್ಯಾಲ ಒಂದೀಟು ಕುಂತು ಬಾ. ಕೂಸು ಇಲ್ಲೇ ಆಡ್ಲಿ," ಎಂದರು ಖಾಸಿಂಸಾಬ.

ಅವಳು ಹೋದ ಮೇಲೆ ಖಾಸಿಂಸಾಬರು ಕರಡನ್ನು ಬಿಚ್ಚಿ ಮೇಜಿನ ಮೇಲಿಟ್ಟರು. ಸುಮ್ಮನೆ ಕೂತು ಕಾಯುವುದು ಅವರಿಗೆ ಗೊತ್ತಿದ್ದ ದೊಡ್ಡ ವಿದ್ಯೆ.

ಶಮಶಾದಬಿ ಕಸಬರಿಗೆಯನ್ನು ಗೋಡೆಗೆ ಆನಿಸಿಟ್ಟಳು.

"ನಾನ ತಿದ್ದೇನಿ."

"ಗೊತ್ತು. ಯಾವಾಗ?"

"ಇಪ್ಪತ್ಮೂರಕ್ಕ. ಸಂಜಿ ಆರಕ್ಕ ಅರ್ಜಿ ತಗೊಳ್ಳೂದು ಬಂದ್ ಇತ್ತು. ನಾಕಕ್ಕ ಕುಂತೆ. ಮನಸ್ಸಿಗೆ ಬಂದಂಗ ತಾರೀಖು ಹಾಕ್ಕೋತ ಹೋದೆ. ಐದೂವರಿಗೆ ಕಳಿಸಿದೆ. ಯಾವ ದಿನಾ ಯಾವ ವಾರ ಅಂತ ನೋಡಾಕ ಪುರಸೊತ್ತ ಇರಲಿಲ್ಲ."

"ಐದು ದಿನಾ ಇತ್ತಲ್ಲ. ಅರ್ಧ ಮನಿಗರೆ ಹೋಗಿ ಬರಬಹುದಿತ್ತು."

"ಹೋಗಿದ್ದೆ." ಅವಳು ಸ್ಟೂಲಿನ ಮೇಲೆ ಕುಸಿದಳು. "ಹತ್ತೊಂಬತ್ತಕ್ಕ ಹೊಂಬಳಕ್ಕ ಹೋಗಿದ್ದೆ ಚಾಚಾ. ಸುಮಿತ್ರವ್ವ ದೂರಿಂದನ ನೋಡಿ ಓಡಿ ಬಂದ್ಲು. ಮಷಿನ್ ತಂದ್ರೇನ್ರಿ ಅಕ್ಕಾರ ಅಂದ್ಲು. ಜುಲೈದಾಗ ನಾನ ಹೇಳಿ ಬಂದಿದ್ದೆ, ನಿಮ್ಮ ಕೂಸು ಶಾಣ್ಯಾ ಅಂತ ಸುಮ್ಮನ ಮಲಗಿಲ್ಲ, ಅದಕ್ಕ ಕೇಳಸಂಗಿಲ್ಲ, ಮಷಿನ್ ಹಾಕ್ಸೂಣು ಅಂತ. ಬರಿಗೈಲೆ ಎರಡನೇ ಸಲ ಹೋಗಿ, ಅದ ತಾಯಿಗೆ, ತಾಟು ಬಿದ್ರ ಕೂಸು ಬೆಚ್ಚತೈತೇನ್ರಿ ಅಂತ ಯಾವ ಮುಖದಿಂದ ಕೇಳ್ಲಿ? ಆಕಿ ಕೊಟ್ಟ ಚಾ ಕುಡದು ಹೊಳ್ಳಿ ಬಂದೆ."

ಖಾಸಿಂಸಾಬರು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು.

"ಸಮೀಕ್ಷಾ ಮಾಡಿದ ಮೂರೂ ಊರು ಕೂಡಿ ಹನ್ನೊಂದು ಕೂಸು," ಎಂದಳು. "ಈ ಹಣ ಬಂದ್ರ ಎಪ್ರಿಲ್‌ದೊಳಗ ಹನ್ನೊಂದಕ್ಕೂ ಮಷಿನ್. ಬರಲಿಲ್ಲ ಅಂದ್ರ ಬಾಯಿ ಇದ್ದೂ ಮಾತು ಬರದ ಹನ್ನೊಂದು ಮಂದಿ. ನೀವ ಹೇಳ್ರಿ, ನಾ ಏನ್ ಮಾಡಬೇಕಿತ್ತು?"

"ನನಗಾದ್ರೂ ಖರೆ ಹೇಳಬೇಕಿತ್ತು."

"ನಿಮಗ ಹೇಳಿದ್ರ ನೀವು ಈ ಕೆಲಸಾ ಹಿಡೀತಿದ್ರೇನು?"

ಖಾಸಿಂಸಾಬರು ಕರಡಿನ ಮಡಿಕೆಯನ್ನು ಅಂಗೈಯಿಂದ ಸಪಾಟು ಮಾಡಿದರು.

"ಈಗ ಎರಡು ದಾರಿ ಅದಾವು," ಎಂದರು. "ಡಿಸೆಂಬರ್ ಅಂತ ಹಿಡದು ಕುಂತ್ರ ನೀ ಕದ್ದಾಕಿ. ಜುಲೈ ಅಂತ ಹೇಳಿದ್ರ ನೀ ಸುಳ್ಳು ಬರದಾಕಿ. ಕದ್ದಾಕಿ ಅನ್ನೂದನ್ನ ನಾ ಅಳಸ್ತೇನಿ. ಸುಳ್ಳು ಬರದಾಕಿ ಅನ್ನೂದನ್ನ ಅಳಸಾಕ ನನ್ನ ಕೈಲೆ ಆಗಂಗಿಲ್ಲ."

ಓಣಿಯ ತುದಿಯಲ್ಲಿ ಕಾರಿನ ಬಾಗಿಲು ಹಾಕಿದ ಸದ್ದಾಯಿತು. ಗಡಿಯಾರದಲ್ಲಿ ನಾಲ್ಕಕ್ಕೆ ಹತ್ತು ನಿಮಿಷ ಇತ್ತು.

*

ಕಂಪನಿಯ ಸಿ.ಎಸ್.ಆರ್. ಅಧಿಕಾರಿ ಅಂಕಿತಾ ಮೂವತ್ತರ ಆಸುಪಾಸಿನವಳು, ಲಕ್ಷ್ಮೇಶ್ವರದ ಕಡೆಯವಳು. ಹೆಗಲಿಗೆ ಲ್ಯಾಪ್‌ಟಾಪ್ ಚೀಲ, ಕೈಯಲ್ಲಿ ಎರಡು ಫೈಲು. ಒಂದು ನೀಲಿ, ಒಂದು ಹಸಿರು. ಕೂತವಳೇ ಫೋನನ್ನು ಮೇಜಿನ ಮೇಲೆ ಕವುಚಿ ಹಾಕಿದಳು. ನೀರು ಬೇಡವೆಂದಳು. ಚಹಾ ಬೇಡವೆಂದಳು.

"ಶಮಶಾದಬಿ ಅವರ, ನನಗ ಟೈಮ್ ಇಲ್ರಿ. ನಾಳೆ ಮುಂಜಾನಿ ಹನ್ನೊಂದಕ್ಕ ಕಮಿಟಿ ಕೂಡತೈತಿ. ಶಿರಹಟ್ಟಿಯವರಿಗಿಂತ ಮೊದಲ ಈ ಸಮೀಕ್ಷಾ ನೀವು ಮಾಡೀರಿ ಅನ್ನಾಕ ಏನೈತಿ ತೋರಸ್ರಿ."

ಶಮಶಾದಬಿ ಖಾಸಿಂಸಾಬರನ್ನು ನೋಡಿದಳು. ಅವರು ನೂರೀನಳನ್ನು ನೋಡುತ್ತಿದ್ದರು. ಕೂಸು ಹೊಸಬರ ಚೀಲದ ಹೊಳೆಯುವ ಕೊಂಡಿಯನ್ನು ಹಿಡಿದು ಎಳೆಯುತ್ತಿತ್ತು.

"ಮೇಡಂ, ಸಮೀಕ್ಷಾ ನಂದ," ಎಂದಳು ಶಮಶಾದಬಿ. "ಆದ್ರ ಅದರಾಗಿನ ತಾರೀಖು ಸುಳ್ಳು."

ಅಂಕಿತಾಳ ಪೆನ್ನು ನಿಂತಿತು.

ಶಮಶಾದಬಿ ಎಲ್ಲವನ್ನೂ ಹೇಳಿದಳು. ಜುಲೈ, ಮೊಹರಂ, ಮೂರು ತಿಂಗಳ ನಿಯಮ, ಹತ್ತೊಂಬತ್ತರಂದು ಹೊಂಬಳದಲ್ಲಿ ಕುಡಿದ ಚಹಾ, ಇಪ್ಪತ್ಮೂರರ ಸಂಜೆ. ಖಾಸಿಂಸಾಬರು ಹದಿನಾಲ್ಕನೆಯ ಮುದ್ರಣ ಹಚ್ಚಿದರು, ಹಿಂದಿನ ಹಾಡನ್ನು ಕೇಳಿಸಿದರು, ಕ್ಯಾಲೆಂಡರ್ ತೋರಿಸಿದರು, ನಂದೀಶನ ಕರಡನ್ನು ಮುಂದಿಟ್ಟರು.

"ಇಷ್ಟು ಹೇಳಿದ ಮ್ಯಾಲ ನಾ ಇದನ್ನ ಬರಕೋಬೇಕಾಗತೈತಿ," ಎಂದಳು ಅಂಕಿತಾ. ದನಿಯಲ್ಲಿ ಬೇಸರವಿತ್ತು. "ಕಡೇ ಹಾಳ್ಯಾಗಿನ ಕರಾರು ಗೊತ್ತೈತಿ ನಿಮಗ."

"ಗೊತ್ತೈತ್ರಿ."

"ಒಂದ ನಿಮಿಷ ಮೇಡಂ," ಎಂದರು ಖಾಸಿಂಸಾಬ. "ಬರಕೊಳ್ಳೂಕಿಂತ ಮೊದಲ ಒಂದು ಕೇಳ್ತೇನಿ. ಅಕ್ಷರಕ್ಕ ಅಕ್ಷರ ಒಂದ ಐತಿ ಅಂತ ಬರದೀರಿ ನೀವು. ಶಿರಹಟ್ಟಿಯವರ ಸಮೀಕ್ಷಾ ನಾ ನೋಡಿಲ್ಲ. ಅದರಾಗ ಹೊಂಬಳದ ಸುಮಿತ್ರವ್ವನ ಮುಂದ ಏನು ತಾರೀಖೈತಿ?"

ಅಂಕಿತಾ ಹಸಿರು ಫೈಲು ತೆರೆದಳು. ಬೆರಳು ಸಾಲಿನುದ್ದ ಜಾರಿತು.

"ಡಿಸೆಂಬರ್ ಒಂಬತ್ತು."

"ಅಸುಂಡಿ?"

"ಹನ್ನೊಂದು. ಇವರದರಾಗೂ ಹನ್ನೊಂದ ಐತಿ. ಎಲ್ಲಾ ಒಂದ ಅದಾವ್ರಿ, ಅದಕ್ಕ ಅಲ್ಲಾ ತಕರಾರು…"

ಅವಳ ಮಾತು ತಾನಾಗಿಯೇ ನಿಂತಿತು.

ಖಾಸಿಂಸಾಬರು ಮೆಲ್ಲಗೆ ಹೇಳಿದರು, ಸಾಕ್ಷಿಯ ಮಾತನ್ನು ಓದಿ ಹೇಳುವವರ ಹಾಗೆ. "ಆ ತಾರೀಖು ಖರೆ ಅಲ್ಲ. ಈಕಿ ಮನಸ್ಸಿಗೆ ಬಂದಂಗ ಹಾಕಿದ್ದು. ಇಪ್ಪತ್ಮೂರರ ಸಂಜಿ ನಾಕಕ್ಕಿಂತ ಮೊದಲ ಅವು ಈ ಭೂಮಿ ಮ್ಯಾಲ ಇರಲಿಲ್ಲ. ನಂದೀಶನ ಕಡೆ ಇದ್ದದ್ದು ಜುಲೈ ತಾರೀಖು; ಅವ ಮಾರಿದ್ರ ಜುಲೈ ಬರಬೇಕಿತ್ತು. ಈ ತಾರೀಖು ಈ ಕೋಣಿಯಿಂದ ಒಂದ ಕಡೆ ಹೋಗ್ಯಾವು, ಐದೂವರಿಗೆ, ನಿಮ್ಮ ಕಂಪನಿಗೆ. ಹಂಗಾರ ಮೂರು ದಿನಾ ಮೊದಲ ಬಂದ ಶಿರಹಟ್ಟಿ ಅರ್ಜಿಯೊಳಗ ಅವು ಹೆಂಗ ಬಂದ್ವು?"

ಅಂಕಿತಾ ಹಸಿರು ಫೈಲಿನ ಮೊದಲ ಹಾಳೆಗೆ ಬಂದಳು. ನೀಲಿ ಮೊಹರು, 'ಸ್ವೀಕರಿಸಲಾಗಿದೆ, ಡಿಸೆಂಬರ್ ಇಪ್ಪತ್ತು'. ಅದರ ಕೆಳಗೊಂದು ಸಹಿ. ಅವಳು ಅದರ ಮೇಲೆ ಅಂಗೈ ಇಟ್ಟಳು. ನಂತರ ಎದ್ದು ಹೋಗಿ ಬಾಗಿಲಿನ ಚಿಲಕ ಹಾಕಿ ಬಂದಳು.

"ಸಹಿ ನಂದ," ಎಂದಳು. "ಹಾಕಿದ್ದು ಇಪ್ಪತ್ನಾಕಕ್ಕ. ರಜಿಸ್ಟರ್‌ದಾಗ ಬರಿಯೂದು ಬಿಟ್ಟೈತಿ, ಇಪ್ಪತ್ತು ಅಂತ ಹಾಕು ಅಂದ್ರು ನಮ್ಮ ಮ್ಯಾನೇಜರ್. ಹಾಕಿದೆ. ನೌಕರಿ ಸೇರಿ ನಾಕ ತಿಂಗಳಾಗಿತ್ತು, ಯಾಕ ಅಂತ ಕೇಳಲಿಲ್ಲ."

"ಶಿರಹಟ್ಟಿಯವರು ಅವರಿಗೇನಾಗಬೇಕು?" ಎಂದರು ಖಾಸಿಂಸಾಬ.

"ಶಿರಹಟ್ಟಿಯವರ ಕಾರ್ಯದರ್ಶಿ ನಮ್ಮ ಮ್ಯಾನೇಜರ್ ಹೆಂಡತಿ ತಂಗಿ. ಮೊನ್ನೆ ತಿಳೀತು ನನಗ. ಸುಮ್ಮನಿದ್ದೆ."

ಶಮಶಾದಬಿ ಆವರೆಗೆ ಕೇಳದೇ ಇದ್ದ ಒಂದು ಪ್ರಶ್ನೆ ಕೇಳಿದಳು. "ಮೇಡಂ, ರೊಕ್ಕ ಯಾರಿಗೆ ಹೋದ್ರೇನು. ಅವರಿಗೇ ಹೋಗ್ಲಿ. ಈ ಹನ್ನೊಂದು ಕೂಸಿಗೆ ಅವರು ಮಷಿನ್ ಹಾಕಸ್ತಾರೇನು? ಅಷ್ಟು ಹೇಳ್ರಿ."

ಅಂಕಿತಾ ತಲೆಯೆತ್ತಲಿಲ್ಲ. "ಅವರ ಆಫೀಸಿಗೆ ಹೋಗಿದ್ದೆ. ಒಂದು ಬೀಗ, ಒಂದು ಬೋರ್ಡು. ಕಿವಿ ನೋಡೂ ಒಬ್ಬ ಮನಷ್ಯಾನೂ ಇಲ್ರಿ ಅಲ್ಲೆ."

"ಹಂಗಾರ ನಾಳೆ ಕಮಿಟಿ ಮುಂದ ಹೇಳ್ರಿ."

"ಬರೇ ಬಾಯಿಲೆ ಹೇಳಿದ್ರ ಯಾರು ನಂಬ್ತಾರ? ನೀವು ಬರದು ಕೊಡಬೇಕು. ತಾರೀಖು ನಾನ ತಿದ್ದೇನಿ, ಇಂಥಾ ದಿನ, ಇಂಥಾ ಹೊತ್ತಿಗೆ ಅಂತ. ಅದೊಂದ ಸಾಕ್ಷಿ ಐತಿ. ಆದ್ರ ಅದನ್ನ ಕೊಟ್ರ ನಿಮ್ಮ ಟ್ರಸ್ಟಿಗೆ ಮೂರು ವರ್ಷ…"

ಶಮಶಾದಬಿ ಆಗಲೇ ಬಿಳಿ ಹಾಳೆ ಎಳೆದುಕೊಂಡಿದ್ದಳು. ಆರೇ ಸಾಲು. ಬರೆದು, ಓದಿ, ಕೆಳಗೆ ತನ್ನ ಹೆಸರು ಹಾಕಿದಳು. ಆದರೆ ಹಾಳೆಯನ್ನು ಕೊಡಲಿಲ್ಲ. ಅಂಗೈಯಿಂದ ಅದನ್ನು ಮೇಜಿಗೆ ಒತ್ತಿ ಹಿಡಿದಳು.

"ನನ್ನ ತಪ್ಪು ನಾ ಬರದೇನಿ. ಇದರ ಕೆಳಗ ನಿಮ್ಮದು ನೀವು ಬರೀರಿ ಮೇಡಂ. ಇಪ್ಪತ್ನಾಕಕ್ಕ ಹಾಕಿದ ಸಹೀಗೆ ಇಪ್ಪತ್ತು ಅಂತ ಬರದೇನಿ, ಇಂಥವ್ರು ಹೇಳಿದ್ರು ಅಂತ. ಇದ ಹಾಳಿ ಮ್ಯಾಲ. ಒಬ್ಬಾಕಿದು ಹರದ್ರ ಇಬ್ಬರದೂ ಹರೀಬೇಕು."

ಅಂಕಿತಾ ಖಾಸಿಂಸಾಬರ ಕಡೆ ನೋಡಿದಳು. ಅವರು ಕ್ಯಾಲೆಂಡರನ್ನು ಸುತ್ತುತ್ತಿದ್ದರು.

ಪೆನ್ನು ತೆಗೆದುಕೊಂಡಳು. ಶಮಶಾದಬಿಯ ಸಹಿಯ ಕೆಳಗೆ ಎರಡು ಬೆರಳು ಜಾಗ ಬಿಟ್ಟು 'ನಾನು' ಎಂದು ಬರೆದಳು.

ಮೇಜಿನ ಮೇಲೆ ಕವುಚಿ ಹಾಕಿದ್ದ ಫೋನು ನಡುಗತೊಡಗಿತು. ಅಂಕಿತಾ ಅದನ್ನು ತಿರುವಿ ಮ್ಯಾನೇಜರ್ ಹೆಸರು ನೋಡಿದಳು. ಅದು ನಿಂತಿತು. ಮತ್ತೆ ನಡುಗಿತು. ಮತ್ತೆ ನಿಂತಿತು.

"ತಗೋಬ್ಯಾಡ್ರಿ," ಎಂದಳು ಶಮಶಾದಬಿ.

ಮೂರನೆಯ ಸಲ ಅದು ಮೇಜಿನಂಚಿನವರೆಗೆ ತೆವಳಿಕೊಂಡು ಹೋದಾಗ ಅಂಕಿತಾ ಪೆನ್ನು ಕೆಳಗಿಟ್ಟಳು.

"ಹೇಳ್ರಿ ಸರ್," ಎಂದಳು, ತಾನು ಬರೆದ ಆ ಒಂದು ಪದವನ್ನೇ ನೋಡುತ್ತ. "ಹೌದು ಸರ್, ಬೆಟಗೇರ್ಯಾಗ ಅದೇನಿ. ಹಾಂ ಸರ್… ತಾರೀಖು ಸುಳ್ಳು ಅಂತ ಅವರ ಬರದು ಕೊಟ್ಟಾರ್ರಿ."